ಎರಡನೆಯ ಗೆರೆ

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಗರ್ಭಪರೀಕ್ಷೆಯ ಪೊಟ್ಟಣಕ್ಕೆ ಸರಕಾರವು ಇಟ್ಟಿರುವ ಹೆಸರು ‘ನಿಶ್ಚಯ’. ಹೆಸರೇನೋ ಸೊಗಸಾದುದೇ. ಚೊಚ್ಚಲ ಬಸುರಿಯ ಮಟ್ಟಿಗೆ ಅದು ಅನ್ವರ್ಥವೂ ಆದೀತು. ಆದರೆ ಒಮ್ಮೆ ಗರ್ಭಸ್ರಾವದ ದುಃಖವನ್ನು ಉಂಡವಳಿಗೆ ಅದೇ ಪಟ್ಟಿ ಸಂಶಯದ ಬೀಜವಾಗುತ್ತದೆ. ನಸುಕಿನಲ್ಲಿ, ಮನೆಯವರು ಏಳುವ ಮುನ್ನ, ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಎರಡನೆಯ ಗೆರೆ ಇದೆಯೇ? ಇದ್ದರೆ ಅಷ್ಟು ಮಸುಕೇಕೆ? ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವರೆಂಬ ಗಾದೆಯಲ್ಲಿ ನಗೆಯುಂಟು. ಈಕೆಯ ಭಯದಲ್ಲಿ ನಗೆಯಿಲ್ಲ.

ಪಟ್ಟಿಗೆ ತಿಳಿಯುವುದು ಒಂದೇ ಸಂಗತಿ: ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಇದೆಯೇ ಎಂಬುದು. ಭ್ರೂಣವು ಗರ್ಭಕೋಶದ ಗೋಡೆಗೆ ನೆಲೆಯೂರಿದ ಬಳಿಕ ರಕ್ತಕ್ಕೆ ಇಳಿಯತೊಡಗುವ ಈ ದ್ರವ್ಯವು ಮೊದಲ ವಾರಗಳಲ್ಲಿ ಸುಮಾರು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಸುತ್ತದೆ. ಆದುದರಿಂದ ಮುಟ್ಟು ತಪ್ಪುವ ಮೊದಲೇ ನೋಡಿದರೆ ಗೆರೆ ಮಸುಕಾಗಿರುವುದು ಸಹಜ. ಹೇಳಿದ ಸಮಯದೊಳಗೆ ಮೂಡಿದ ಬಣ್ಣದ ಗೆರೆ, ಎಷ್ಟೇ ತೆಳುವಾಗಿರಲಿ, ಗೆರೆಯೇ ಸರಿ. ಪಟ್ಟಿ ಒಣಗಿದ ಮೇಲೆ ಕಾಣುವ ಬೂದುಗೆರೆಗೆ ಬೆಲೆಯಿಲ್ಲ. ನಿನ್ನೆಯ ಬಣ್ಣದೊಡನೆ ಇಂದಿನದನ್ನು ಹೋಲಿಸಿ ಕೊರಗುವುದೂ ವ್ಯರ್ಥ. ಹೆಚ್ಚು ನೀರು ಕುಡಿದರೂ ಬಣ್ಣ ತಿಳಿಯಾಗುತ್ತದೆ. ಪಟ್ಟಿ ತಕ್ಕಡಿಯಲ್ಲ.

ಇನ್ನೊಂದು ತೊಡಕುಂಟು. ಗರ್ಭ ಹೋದ ಮೇಲೂ ಈ ಹಾರ್ಮೋನು ಕೆಲವು ವಾರ ಉಳಿಯಬಹುದು. ಆಗ ಮೂಡುವ ಗೆರೆ ಹಳೆಯ ಬಸಿರಿನ ನೆರಳೂ ಆಗಿರಬಹುದು. ನಡುವೆ ಒಮ್ಮೆ ‘ಇಲ್ಲ’ ಎಂಬ ಉತ್ತರ ಬಂದಿದ್ದರೆ ಮಾತ್ರ ಹೊಸ ಗೆರೆಯನ್ನು ಹೊಸದೆಂದು ನಂಬಬಹುದು. ಸಂದೇಹವಿದ್ದರೆ 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ರಕ್ತ ಪರೀಕ್ಷಿಸಿ, ಆರೇಳು ವಾರಗಳ ಹೊತ್ತಿಗೆ ಸ್ಕ್ಯಾನ್ ಮಾಡಿಸುವುದು ವೈದ್ಯರ ಕ್ರಮ. ರಕ್ತಸ್ರಾವ, ತೀವ್ರ ಹೊಟ್ಟೆನೋವು, ತಲೆಸುತ್ತು ಕಂಡರೆ, ಪಟ್ಟಿ ಏನೇ ಹೇಳಲಿ, ಅಂದೇ ಆಸ್ಪತ್ರೆಗೆ ಹೋಗಬೇಕು.

ಅಮೆರಿಕದ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾರ್ಮೋನಿನಿಂದ ಪತ್ತೆಯಾದ ಬಸಿರುಗಳಲ್ಲಿ ಶೇಕಡ 22ರಷ್ಟು ಬೇರಾವ ಕುರುಹೂ ಕಾಣುವ ಮೊದಲೇ ಮುಗಿದುಹೋಗಿದ್ದವು. ಹಿಂದಿನ ಕಾಲದಲ್ಲಿ ಇವು ತಡವಾಗಿ ಬಂದ ಮುಟ್ಟೆಂದು ಮರೆತುಹೋಗುತ್ತಿದ್ದವು. ಇಂದಿನ ಹೆಂಗಸಿಗೆ ಪಟ್ಟಿ ಬೇಗನೆ ಸಂತೋಷವನ್ನು ತಂದುಕೊಟ್ಟಿತು. ಅದರೊಡನೆ ಹಿಂದೆ ಯಾರೂ ಅರಿಯದಿದ್ದ ಒಂದು ಶೋಕವನ್ನೂ ತಂದಿತು.

ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರಲು ಅರ್ಧದಷ್ಟು ಸಂದರ್ಭಗಳಲ್ಲಾದರೂ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಕೊಡ ಎತ್ತಿದ್ದಾಗಲಿ, ಯಾರದೋ ದೃಷ್ಟಿಯಾಗಲಿ ಅಲ್ಲ. ಆದರೂ ಗೆರೆ ಮೂಡಿದ ದಿನ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ: “ಈ ಸಲವಾದರೂ ಜೋಪಾನ.” ಆ ಒಂದು ‘ಆದರೂ’ ಸಾಕು, ಕಳೆದ ಸಲ ತಪ್ಪು ತನ್ನದೇ ಎಂದು ಆಕೆ ತಿಳಿಯಲು. ಅದನ್ನು ಬಿಟ್ಟು, ಮುಂದಿನ ಪರೀಕ್ಷೆಯ ದಿನ ಆಕೆಯೊಡನೆ ಆಸ್ಪತ್ರೆಗೆ ಹೋಗಿ ಪಕ್ಕದಲ್ಲಿ ಕುಳಿತರೆ ಎಷ್ಟೋ ಉಪಕಾರವಾದೀತು.