ನಿದಾನವಿಲ್ಲದ ಔಷಧ

ವೈದ್ಯಶಾಸ್ತ್ರದಲ್ಲಿ ನಿದಾನವೆಂದರೆ ರೋಗದ ಮೂಲವನ್ನು ನಿಶ್ಚಯಿಸುವುದು. ಮಾಧವಕರನ ಪ್ರಸಿದ್ಧ ಗ್ರಂಥವು ಆದ್ಯಂತವಾಗಿ ಈ ಒಂದು ವಿಷಯಕ್ಕೇ ಮೀಸಲಾಗಿದೆ. ಚಿಕಿತ್ಸೆಯನ್ನು ಹೇಳುವುದು ಅದರ ಉದ್ದೇಶವೇ ಅಲ್ಲ. ಮೊದಲು ರೋಗವನ್ನು ಪರೀಕ್ಷಿಸಿ ಅನಂತರವೇ ಔಷಧವನ್ನು ಯೋಚಿಸತಕ್ಕದ್ದೆಂದು ಚರಕಸಂಹಿತೆಯೂ ವಿಧಿಸುತ್ತದೆ. ಪಾಶ್ಚಾತ್ಯ ವೈದ್ಯವು ಇತರ ಎಷ್ಟೋ ವಿಷಯಗಳಲ್ಲಿ ಇವರೊಡನೆ ಭಿನ್ನಾಭಿಪ್ರಾಯವುಳ್ಳದ್ದಾದರೂ ಈ ಒಂದರಲ್ಲಿ ಬೇರೆ ಮಾತನ್ನು ಆಡುವುದಿಲ್ಲ. ಹೀಗೆ ಪೂರ್ವಪಶ್ಚಿಮಗಳೆರಡೂ ಏಕಕಂಠದಿಂದ ಒಪ್ಪಿರುವ ನಿಯಮವು ಹೊಟ್ಟೆಯ ಬೇನೆಗಳ ವಿಷಯದಲ್ಲಿ ಮಾತ್ರ ದಿನದಿನವೂ ಉಲ್ಲಂಘಿತವಾಗುತ್ತಿದೆ. ಹೊಟ್ಟೆ ನೋಯುತ್ತದೆಂದು ಬಂದವನಿಗೆ, ಏಕೆ ನೋಯುತ್ತದೆಂದು ತಿಳಿಯುವ ಮೊದಲೇ ಮಾತ್ರೆ ದೊರೆಯುತ್ತದೆ, ಇದು ಕ್ಷಮಾರ್ಹ. ಏಕೆಂದು ತಿಳಿಯದೆಯೇ ಆ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ, ಇದು ಕ್ಷಮಾರ್ಹವಲ್ಲ.

ಈ ಅನರ್ಥಕ್ಕೆ ಮೊದಲನೆಯ ಆಶ್ರಯವಾಗಿರುವುದು ಒಂದು ಶಬ್ದ. ಕನ್ನಡನಾಡಿನ ಮನೆಮನೆಯಲ್ಲಿಯೂ ಈಗ ‘ಗ್ಯಾಸ್ಟ್ರಿಕ್’ ಎಂಬ ರೋಗವುಂಟು. ಆದರೆ ಇಂಗ್ಲಿಷಿನಲ್ಲಿ ಇದು ರೋಗದ ಹೆಸರೇ ಅಲ್ಲ. ‘ಜಠರಕ್ಕೆ ಸಂಬಂಧಿಸಿದ’ ಎಂಬರ್ಥದ ಬರಿಯ ವಿಶೇಷಣ. ತಲೆನೋವಿನವನಿಗೆ ‘ನಿಮಗೆ ತಲೆಗೆ ಸಂಬಂಧಿಸಿದ್ದು ಬಂದಿದೆ’ ಎಂದು ಹೇಳಿದರೆ ಆತನು ನಕ್ಕು ಎದ್ದು ಬರುವನು. ಹೊಟ್ಟೆನೋವಿನವನಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಸಮಾಧಾನಗೊಂಡು ಹಣ ಕೊಟ್ಟು ಬರುತ್ತಾನೆ! ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ಊಟವಾದೊಡನೆ ಭಾರ, ಹಸಿದಾಗ ಸಂಕಟ, ಭೇದಿ, ಮಲಬದ್ಧತೆ—ಇವುಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳಿವೆ. ಬಲ್ಲ ವೈದ್ಯನಿಗೆ ಒಂದೊಂದೂ ಬೇರೆ ಬೇರೆ ಸುಳಿವು. ಎಲ್ಲವನ್ನೂ ಒಂದೇ ಶಬ್ದದಲ್ಲಿ ಕಲಸಿಬಿಟ್ಟ ಮೇಲೆ ಸುಳಿವುಗಳು ಅಳಿದುಹೋಗುತ್ತವೆ. ಹೃದಯಾಘಾತದ ನೋವು ಕೆಲವರಲ್ಲಿ ಮೇಲುಹೊಟ್ಟೆಯ ಉರಿಯಾಗಿಯೇ ಕಾಣಿಸಿಕೊಳ್ಳುವುದುಂಟು. ಅದನ್ನೂ ‘ಗ್ಯಾಸ್ಟ್ರಿಕ್’ ಎಂದೇ ಎಣಿಸಿ ಸೋಡಾ ಕುಡಿದು ಮಲಗಿ ಮತ್ತೆ ಏಳದೆ ಹೋದವರ ಕಥೆ ಕೇಳದ ಊರು ಯಾವುದಿದೆ?

ಇಂಥ ರೋಗಿಯ ಯಾತ್ರೆಯನ್ನು ಬಲ್ಲವರೆಲ್ಲರೂ ಬಲ್ಲರು. ಮೊದಲನೆಯ ಡಾಕ್ಟರು ಹದಿನೈದು ದಿನದ ಮಾತ್ರೆ ಬರೆಯುತ್ತಾರೆ. ಗುಣವಾಗಲಿಲ್ಲವೆಂದರೆ ಹೆಸರು ಬೇರೆಯಾದ ಅದೇ ಜಾತಿಯ ಮತ್ತೊಂದು ಮಾತ್ರೆ. ಎರಡನೆಯ ಡಾಕ್ಟರು ಮೊದಲನೆಯವರ ಚೀಟಿಯನ್ನು ನೋಡದೆಯೇ ಪುನಃ ಅದನ್ನೇ ಬರೆಯುತ್ತಾರೆ. ಮೂರನೆಯವರಲ್ಲಿ ಎಂಡೋಸ್ಕೋಪಿಯಾಗುತ್ತದೆ, ‘ಏನೂ ಇಲ್ಲ’ ಎಂಬ ತೀರ್ಪು ಬರುತ್ತದೆ, ಏನೂ ಇಲ್ಲದ ರೋಗಕ್ಕೆ ಮತ್ತೆ ಮೂರು ತಿಂಗಳ ಮಾತ್ರೆ. ಅಲ್ಲಿಂದ ಮುಂದೆ ರೋಗಿಗೆ ಡಾಕ್ಟರೂ ಬೇಡ. ಮೂಲೆಯಂಗಡಿಯಲ್ಲಿ ಸ್ಟ್ರಿಪ್ಪನ್ನು ತೋರಿಸಿದರೆ ಸಾಕು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಅದರ ಬೆನ್ನಿನ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಮಾರುವವನೂ ಓದುವುದಿಲ್ಲ, ಕೊಳ್ಳುವವನೂ ಓದುವುದಿಲ್ಲ. ಇಷ್ಟರಲ್ಲಿ ಮನೆಯವರಿಗೆ ಬೇಸರ ಬಂದಿರುತ್ತದೆ. ಬೇನೆ ಗೃಹಿಣಿಯದಾದರೆ ಅದು ಅವಳ ಸ್ವಭಾವವೆಂದೂ, ವೃದ್ಧರದಾದರೆ ಅದು ವಯೋಧರ್ಮವೆಂದೂ ತೀರ್ಮಾನವಾಗುತ್ತದೆ.

ಮಾತ್ರೆಯೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಒಮೆಪ್ರಜೋಲ್ ಎಂಬ ಔಷಧವು ೧೯೮೮ರಲ್ಲಿ ಪೇಟೆಗೆ ಬಂದಂದಿನಿಂದ, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮೊದಲಾದ ಅದರ ಸೋದರಗಳೊಡನೆ ಕೂಡಿ, ಅಸಂಖ್ಯಾತ ಜನರನ್ನು ಜಠರದ ಹುಣ್ಣಿನಿಂದಲೂ ರಕ್ತಸ್ರಾವದಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ಪಾರುಮಾಡಿದೆ. ಜಠರದ ಒಳಗೋಡೆಯಿಂದ ಹುಳಿಯನ್ನು ಹೊರಚೆಲ್ಲುವ ಸೂಕ್ಷ್ಮಯಂತ್ರವನ್ನೇ ಇದು ಕಟ್ಟಿಹಾಕುತ್ತದೆ. ನೋವಿನ ಮಾತ್ರೆಗಳನ್ನು ಬಿಡಲಾಗದ ವೃದ್ಧರಿಗೂ, ಅನ್ನನಾಳವು ತೀವ್ರವಾಗಿ ಸುಟ್ಟವರಿಗೂ ಇದು ದೀರ್ಘಕಾಲ ಅವಶ್ಯಕವಾಗಬಹುದು. ಅಂಥವರು ವೈದ್ಯರನ್ನು ಕೇಳದೆ ಅದನ್ನು ಬಿಡತಕ್ಕದ್ದಲ್ಲ. ಆದರೆ ಸಾಮಾನ್ಯ ಹುಣ್ಣಿಗೂ ಎದೆಯುರಿಗೂ ಇದಕ್ಕೆ ನಿಯಮಿತವಾಗಿರುವ ಅವಧಿ ೪ರಿಂದ ೮ ವಾರಗಳು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೇ ಇದರ ಪೂರ್ಣ ಫಲ. ಇದನ್ನು ಊಟವಾದ ಮೇಲೆ ನುಂಗಿ ‘ಹಿಡಿಯಲಿಲ್ಲ’ ಎಂದು ಕೊರಗುವವರು ಎಷ್ಟು ಮಂದಿ! ಅವರಿಗೆ ಈ ಒಂದು ಮಾತನ್ನು ಹೇಳಲು ಯಾರಿಗೂ ಬಿಡುವಿರಲಿಲ್ಲ.

ನಿದಾನವಿಲ್ಲದೆ ಇದನ್ನು ಮುಂದುವರಿಸುವುದರಿಂದ ಆಗುವ ಹಾನಿ ಮೂರು ವಿಧ. ಮೊದಲನೆಯದು, ಔಷಧವೇ ನಿದಾನಕ್ಕೆ ಅಡ್ಡವಾಗುವುದು. ಜಠರದಲ್ಲಿ ನೆಲಸುವ ಹೆಲಿಕೊಬ್ಯಾಕ್ಟರ್ ಎಂಬ ಜೀವಾಣುವನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಕಂಡುಹಿಡಿಯಬಹುದು. ಆದರೆ ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆಯನ್ನು ನಿಲ್ಲಿಸದಿದ್ದರೆ, ಇರುವ ಜೀವಾಣುವೂ ಇಲ್ಲವೆಂದೇ ಉತ್ತರ ಬರುವ ಸಂಭವವುಂಟು. ಜಠರದ ಅರ್ಬುದದ ಆರಂಭದ ಲಕ್ಷಣಗಳೂ ಇದರಿಂದ ಕೆಲವು ಕಾಲ ಶಮನವಾಗಬಹುದು. ಹೀಗೆ ಶಮನವೇ ಮೋಸವಾಗಿ ಪರಿಣಮಿಸುತ್ತದೆ.

ಎರಡನೆಯದು, ಔಷಧವು ತಾನೇ ತನ್ನ ಅವಶ್ಯಕತೆಯನ್ನು ಸೃಷ್ಟಿಸಿಕೊಳ್ಳುವುದು. ಡೆನ್ಮಾರ್ಕಿನ ವೈದ್ಯರು ೧೨೦ ಮಂದಿ ಆರೋಗ್ಯವಂತರನ್ನು ಆರಿಸಿ, ಅರ್ಧ ಮಂದಿಗೆ ಈ ಜಾತಿಯ ಔಷಧವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ೮ ವಾರ ಕೊಟ್ಟು ನಿಲ್ಲಿಸಿದರು. ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ಔಷಧ ತಿಂದವರಲ್ಲಿ ಶೇಕಡಾ ೪೪ ಮಂದಿಗೂ, ತಿನ್ನದವರಲ್ಲಿ ಶೇಕಡಾ ೧೫ ಮಂದಿಗೂ ಅನಂತರದ ವಾರಗಳಲ್ಲಿ ಎದೆಯುರಿ, ಹುಳಿತೇಗು ಮೊದಲಾದ ಬಾಧೆಗಳು ಕಾಣಿಸಿಕೊಂಡವು. ಇವರು ಮೊದಲು ರೋಗಿಗಳೇ ಅಲ್ಲವೆಂಬುದನ್ನು ಮರೆಯಬಾರದು. ಮಾತ್ರೆ ಬಿಟ್ಟೊಡನೆ ಉರಿ ಹೆಚ್ಚಿತೆಂದು ಪುನಃ ಅದಕ್ಕೇ ಶರಣುಹೋಗುವ ರೋಗಿಯು, ತನ್ನ ರೋಗ ಅಷ್ಟು ಬಲವಾದದ್ದೆಂದು ನಂಬುತ್ತಾನೆ. ಆ ಉರಿಯಲ್ಲಿ ಒಂದು ಪಾಲು ಮಾತ್ರೆಯದೇ ಆಗಿರಬಹುದೆಂದು ಅವನಿಗೆ ತಿಳಿಸಿದವರಿಲ್ಲ. ಕ್ರಮಕ್ರಮವಾಗಿ ಪ್ರಮಾಣವನ್ನು ಇಳಿಸಿ ಬಿಡುವ ಮಾರ್ಗವೊಂದುಂಟೆಂದೂ ಹೇಳಿದವರಿಲ್ಲ.

ಮೂರನೆಯದು, ಸಹವಾಸದೋಷ. ಭಾರತದ ಪೇಟೆಯಲ್ಲಿ ಈ ಔಷಧವು ಒಂಟಿಯಾಗಿ ಬರುವುದಕ್ಕಿಂತ ಜೊತೆಗಾರನೊಡನೆ ಬರುವುದೇ ವಾಡಿಕೆ. ಡಾಂಪೆರಿಡೋನ್ ಎಂಬುದು ಒಬ್ಬ ಜೊತೆಗಾರ. ಹೃದಯದ ಗತಿಯನ್ನು ಕೆಡಿಸಬಹುದೆಂಬ ಕಾರಣದಿಂದ, ವಾಕರಿಕೆ ವಾಂತಿಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ ಇದನ್ನು ಕೊಡತಕ್ಕದ್ದೆಂದು ಯೂರೋಪಿನ ಔಷಧ ಪ್ರಾಧಿಕಾರವು ೨೦೧೪ರಲ್ಲಿ ಕಟ್ಟುಮಾಡಿತು. ಇಲ್ಲಿ ಅದು ಉಬ್ಬರಕ್ಕೂ ತೇಗಿಗೂ ತಿಂಗಳುಗಟ್ಟಲೆ ನಡೆಯುತ್ತದೆ. ಲೆವೊಸಲ್ಪಿರೈಡ್ ಎಂಬುದು ಇನ್ನೊಬ್ಬ ಜೊತೆಗಾರ. ಮೂಲತಃ ಮನೋವೈದ್ಯಕ್ಕೆ ಸೇರಿದ ಈ ಔಷಧದಿಂದ ಕೆಲವು ಸ್ತ್ರೀಯರಲ್ಲಿ ಮುಟ್ಟು ಏರುಪೇರಾಗುತ್ತದೆ. ಕೆಲವು ವೃದ್ಧರಲ್ಲಿ ಕೈನಡುಕವೂ ನಡೆಯಲ್ಲಿ ಬಿಗಿತವೂ ಹುಟ್ಟುತ್ತವೆ. ಹೊಟ್ಟೆಗೆ ತಿಂದ ಮಾತ್ರೆಯಿಂದ ಕೈ ನಡುಗಿದರೆ, ಆ ನಡುಕಕ್ಕೆ ನರವೈದ್ಯರಲ್ಲಿ ಮತ್ತೊಂದು ಮಾತ್ರೆ! ಹೀಗೆ ಒಂದು ನಿದಾನವಿಲ್ಲದ ಔಷಧವು ಮತ್ತೊಂದಕ್ಕೆ ತಾಯಿಯಾಗುತ್ತದೆ. ಸಿಸಪ್ರೈಡ್ ಎಂಬ ಇಂಥದೇ ಔಷಧವನ್ನು ಅಮೇರಿಕಾದಲ್ಲಿ ೨೦೦೦ದಲ್ಲಿ ಪೇಟೆಯಿಂದ ಹಿಂದೆಗೆದರು. ಭಾರತದಲ್ಲಿ ಅದರ ನಿಷೇಧವಾದದ್ದು ೨೦೧೧ರಲ್ಲಿ. ನಡುವಣ ಹನ್ನೊಂದು ವರ್ಷಗಳಿಗೆ ಉತ್ತರ ಹೇಳುವವರು ಯಾರು?

ಕಾರಣವನ್ನು ಹುಡುಕುವ ಹಟದಿಂದ ಏನು ಲಾಭವೆಂಬುದಕ್ಕೆ ಜಠರದ ಹುಣ್ಣಿನ ಚರಿತ್ರೆಯೇ ಸಾಕ್ಷಿ. ಹುಣ್ಣಿಗೆ ಮನೋವ್ಯಥೆಯೂ ಖಾರವೂ ಹುಳಿಯೂ ಕಾರಣವೆಂದು ಇಪ್ಪತ್ತನೆಯ ಶತಮಾನದ ಬಹುಭಾಗ ಪಂಡಿತರು ಬೋಧಿಸಿದರು. ರೋಗಿಗಳಿಗೆ ಹಾಲನ್ನು ಕುಡಿಸಿದರು, ನರಗಳನ್ನು ಕತ್ತರಿಸಿದರು, ಚಿಂತೆ ಬಿಡಿರೆಂದು ಉಪದೇಶಿಸಿದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬಿಬ್ಬರು ಮಾತ್ರ ಅಷ್ಟಕ್ಕೆ ತೃಪ್ತರಾಗಲಿಲ್ಲ. ೧೯೮೨ರಲ್ಲಿ ಅವರು ಜಠರದ ಜೀವಾಣುವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿರಲು ೧೯೮೪ರಲ್ಲಿ ಮಾರ್ಷಲ್ ಅವರು ಆ ಜೀವಾಣುವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. ಅವರಿಬ್ಬರಿಗೆ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಜೀವಮಾನದ ರೋಗವೆನಿಸಿದ್ದ ಹುಣ್ಣು ಬಹುಮಂದಿಯಲ್ಲಿ ಎರಡು ವಾರದ ಔಷಧದಿಂದ ಗುಣವಾಗುವಂತಾಯಿತು. ‘ನಿಮ್ಮದು ಚಿಂತೆಯ ಹೊಟ್ಟೆ’ ಎಂದು ಅದುವರೆಗೆ ಹೇಳಿಸಿಕೊಂಡವರ ನೋವು ನಿಜವಾದದ್ದೇ ಆಗಿತ್ತು. ಸುಳ್ಳಾದದ್ದು ಹೇಳಿದವರ ಮಾತು.

ಇದಕ್ಕೆ ವೈದ್ಯರ ಪರವಾಗಿ ಕೆಲವು ಆಕ್ಷೇಪಗಳು ಬರಬಹುದು. ಬಾಗಿಲಲ್ಲಿ ಅರವತ್ತು ಮಂದಿ ಕಾದಿರುವಾಗ ಒಬ್ಬೊಬ್ಬನ ಕಥೆಯನ್ನು ಕೇಳುವುದು ಹೇಗೆಂಬುದು ಮೊದಲನೆಯದು. ಇದು ನಿಜವಾದ ಕಷ್ಟವೇ. ೬೭ ದೇಶಗಳನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ವೈದ್ಯನು ಒಬ್ಬ ರೋಗಿಗೆ ಕೊಡುವ ಕಾಲ ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಭಾರತದಲ್ಲಿ ಸುಮಾರು ಎರಡು ನಿಮಿಷ. ಆದರೆ ಎರಡು ನಿಮಿಷದಂತೆ ಹತ್ತು ಸಲ ನೋಡಿ ಏನನ್ನೂ ತಿಳಿಯದಿರುವುದಕ್ಕಿಂತ, ಒಂದೇ ಸಲ ಇಪ್ಪತ್ತು ನಿಮಿಷ ಕೇಳಿ ತಿಳಿಯುವುದರಲ್ಲಿ ಹೆಚ್ಚಿನ ವೆಚ್ಚವೆಲ್ಲಿದೆ? ಪರೀಕ್ಷೆಗಳು ಬಡವರಿಗೆ ದುಬಾರಿಯೆಂಬುದು ಎರಡನೆಯ ಆಕ್ಷೇಪ. ಎಲ್ಲ ಪರೀಕ್ಷೆಗೂ ಹಣ ಬೇಕಿಲ್ಲ. ದಕ್ಷಿಣ ಭಾರತದ ಅನೇಕರಿಗೆ ಪ್ರಾಯದಲ್ಲಿ ಹಾಲು ಜೀರ್ಣವಾಗುವುದಿಲ್ಲ. ಎರಡು ವಾರ ಹಾಲನ್ನು ಬಿಟ್ಟು ನೋಡುವ ಪರೀಕ್ಷೆಗೆ ಖರ್ಚೇನು? ಮಂಡಿನೋವಿಗೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಮಧುಮೇಹಕ್ಕೆ ಯಾವುದು, ಎಂಬ ಎರಡು ಪ್ರಶ್ನೆಗಳಿಗೆ ಖರ್ಚೇನು? ಪಿತ್ತಕೋಶದ ಕಲ್ಲು, ಥೈರಾಯ್ಡಿನ ದೋಷ, ಕರುಳಿನ ಕ್ಷಯ—ಇವು ಯಾವುವೂ ಹುಳಿ ತಗ್ಗಿಸುವ ಮಾತ್ರೆಯಿಂದ ಗುಣವಾಗತಕ್ಕವಲ್ಲ.

ರೋಗಿಗಳೇ ಮಾತ್ರೆಗಾಗಿ ಪೀಡಿಸುತ್ತಾರೆಂಬುದು ಮೂರನೆಯ ಆಕ್ಷೇಪ. ಇದರಲ್ಲಿಯೂ ಸತ್ಯವಿದೆ. ಬರಿಗೈಯಲ್ಲಿ ಕಳುಹಿಸಿದ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ಸಾರುವ ಜನರಿಂದಲೇ ಈ ವ್ಯಾಪಾರ ಬೆಳೆದಿದೆ. ನಿದಾನಕ್ಕೆ ನಿಧಾನ ಬೇಕು. ಎರಡೂ ಬೇಡವೆನ್ನುವ ರೋಗಿಗೆ ದೊರೆಯುವುದು ಮಾತ್ರೆಯೊಂದೇ.

ಕೊನೆಯದಾಗಿ, ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು ನೋವು ಮಾತ್ರ ಉಳಿಯುವ ರೋಗಿಗಳು ಬಹಳ ಮಂದಿ ಇದ್ದಾರೆ. ಅವರಿಗೆ ‘ಏನೂ ಇಲ್ಲ’ ಎನ್ನುವುದು ಅಜ್ಞಾನ. ಅಂಗದಲ್ಲಿ ಗಾಯವಿಲ್ಲದೆ ಅದರ ನಡೆಯಲ್ಲಿಯೂ ನರಗಳ ಸೂಕ್ಷ್ಮತೆಯಲ್ಲಿಯೂ ದೋಷವಿರುವ ಈ ವ್ಯಾಧಿಗಳನ್ನು ಶಾಸ್ತ್ರವು ಗುರುತಿಸಿ, ಹೆಸರಿಟ್ಟು, ಲಕ್ಷಣಗಳನ್ನು ಗೊತ್ತುಮಾಡಿದೆ. ಅವಕ್ಕೆ ಚಿಕಿತ್ಸೆಯೂ ಉಂಟು. ಅಮಿಟ್ರಿಪ್ಟಿಲಿನ್ ಎಂಬ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಕೆರಳುವ ಕರುಳಿನ ರೋಗಿಗಳಿಗೆ ಗುಣ ಹೆಚ್ಚೆಂದು ೪೬೩ ಮಂದಿಯ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯು ೨೦೨೩ರಲ್ಲಿ ತೋರಿಸಿತು. ಆದರೆ ಇದನ್ನೇ ಬಾಯಿ ಬಿಡದೆ ಬರೆದುಕೊಟ್ಟರೆ ಆಗುವುದೇನು? ಓದುಬಲ್ಲ ರೋಗಿ ಮನೆಗೆ ಬಂದು, ಇದು ಮನೋವ್ಯಾಧಿಯ ಔಷಧವೆಂದು ಕಂಡು, ತನ್ನನ್ನು ಹುಚ್ಚನೆಂದು ಎಣಿಸಿದರೆಂದು ನೊಂದು ಅದನ್ನು ಬಿಸುಟುಬಿಡುತ್ತಾನೆ. ನರಗಳನ್ನು ಶಾಂತಗೊಳಿಸುವುದಕ್ಕಾಗಿ ಇದನ್ನು ಕೊಟ್ಟಿದೆಯೆಂಬ ಒಂದು ವಾಕ್ಯವು ಉಳಿಸಬಹುದಾಗಿದ್ದ ಔಷಧವನ್ನು ಮೌನವು ಕೊಂದಿತು.

ಆದುದರಿಂದ ವಿದ್ಯಾವಂತ ಗೃಹಸ್ಥರು ಇನ್ನು ಮುಂದೆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ಔಷಧ ಯಾವ ರೋಗಕ್ಕೆ, ಅಥವಾ ಯಾವ ಶಂಕೆಯಿಂದ? ಎಷ್ಟು ದಿನ? ಗುಣವಾಗದಿದ್ದರೆ ಮುಂದಿನ ಹೆಜ್ಜೆ ಯಾವುದು? ಬಿಡುವ ಕ್ರಮ ಹೇಗೆ? ಹಳೆಯ ಚೀಟಿಗಳನ್ನೂ ವರದಿಗಳನ್ನೂ ಕ್ರಮವಾಗಿ ಕಾಪಾಡಬೇಕು. ರೋಗಿಯು ಕೇಳಿದಲ್ಲಿ ಅವನ ದಾಖಲೆಗಳನ್ನು ೭೨ ಗಂಟೆಗಳೊಳಗೆ ಕೊಡತಕ್ಕದ್ದೆಂದು ಭಾರತೀಯ ವೈದ್ಯ ಪರಿಷತ್ತಿನ ೨೦೦೨ರ ನಿಯಮಾವಳಿಯೇ ಹೇಳುತ್ತದೆ. ಅದನ್ನು ಕೇಳುವುದು ಉದ್ಧಟತನವಲ್ಲ. ಮೈ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತ ವಾಂತಿಯಾಗುವುದು, ತುತ್ತು ಗಂಟಲಿನಿಂದ ಇಳಿಯದಿರುವುದು, ರಕ್ತಹೀನತೆ, ವಯಸ್ಸು ಮೀರಿದ ಮೇಲೆ ಹೊಸದಾಗಿ ಹೊಟ್ಟೆಯ ಬೇನೆ—ಇವುಗಳಲ್ಲಿ ಒಂದು ಕಂಡರೂ ಮಾತ್ರೆಯ ಭರವಸೆಯಲ್ಲಿ ಕಾಲ ಕಳೆಯಕೂಡದು.

ವೈದ್ಯರಾದವರು ಕೊಡಬೇಕಾದದ್ದು ಇದಕ್ಕಿಂತ ಕಠಿನವಾದ ಒಂದು ವಸ್ತು: ‘ಇನ್ನೂ ತಿಳಿದಿಲ್ಲ, ಹುಡುಕೋಣ’ ಎಂಬ ಮಾತು. ಹಾಗೆಂದವನ ಗೌರವ ಕುಗ್ಗುವುದಿಲ್ಲ. ತಿಳಿಯದ ರೋಗಕ್ಕೆ ತಿಳಿದವನಂತೆ ಔಷಧ ಬರೆದು, ಅದು ಫಲಿಸದಿದ್ದಾಗ ರೋಗಿಯ ಮನಸ್ಸನ್ನು ದೂರುವವನ ಗೌರವವೇ ಕುಗ್ಗತಕ್ಕದ್ದು. ಅವಧಿ ಗೊತ್ತಾಗಿರುವ ಮಾತ್ರೆ ಚಿಕಿತ್ಸೆ. ಅವಧಿಯೂ ಕಾರಣವೂ ಇಲ್ಲದ ಮಾತ್ರೆ ಬರಿಯ ಅಭ್ಯಾಸ. ಅಭ್ಯಾಸವನ್ನು ಚಿಕಿತ್ಸೆಯೆಂದು ಕರೆಯುವುದು ಇನ್ನಾದರೂ ನಿಲ್ಲಲಿ.