ಅರವತ್ತು ಮಕ್ಕಳಿಗೆ ಮೆಸ್ಸಿ, ಉಳಿದವರಿಗೆ ಬೀಗ

2025ರ ಡಿಸೆಂಬರ್ 14ರಂದು ಲಿಯೊನೆಲ್ ಮೆಸ್ಸಿ ವಾಂಖೆಡೆಗೆ ಬಂದು ಹೋದ. ಅದೇ ವೇದಿಕೆಯಲ್ಲಿ ಮಹಾರಾಷ್ಟ್ರ ಸರ್ಕಾರ ಫುಟ್‌ಬಾಲ್ ಪ್ರತಿಭೆ ಹುಡುಕುವ ತನ್ನ ‘ಮಹಾದೇವ’ ಯೋಜನೆಯ ಮಕ್ಕಳನ್ನು ಮುಂದೆ ನಿಲ್ಲಿಸಿತು. ರಾಜ್ಯದಾದ್ಯಂತ ಹುಡುಕಿ ಆರಿಸಿದ, ಹದಿಮೂರು ವರ್ಷದೊಳಗಿನ 30 ಹುಡುಗರು, 30 ಹುಡುಗಿಯರು. ಅವರಿಗೆ ವಿದ್ಯಾರ್ಥಿವೇತನ ಉಂಟು, ತರಬೇತಿ ಉಂಟು, ಮೆಸ್ಸಿಯ ಜೊತೆ ಚೆಂಡು ಒದ್ದ ನೆನಪೂ ಉಂಟು. ಆ ಅರವತ್ತು ಮಕ್ಕಳಿಗೆ ಒಳ್ಳೆಯದಾಗಲಿ, ಅವರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಯೋಜನೆಯ ಪಾಲುದಾರರ ಪಟ್ಟಿಯಲ್ಲಿ ಕಾಣುವ ಒಂದು ಹೆಸರಿನ ಬಗ್ಗೆ: ಸಿಡ್ಕೋ.

ನವಿ ಮುಂಬಯಿಯನ್ನು ಕಟ್ಟಲೆಂದೇ 1970ರಲ್ಲಿ ಹುಟ್ಟಿದ ಸಂಸ್ಥೆ ಇದು. ಘನಸೋಲಿಯಲ್ಲಿ ಸರ್ಕಾರಿ ಕ್ರೀಡಾಸಂಕೀರ್ಣಕ್ಕೆಂದು 2003ರಲ್ಲಿ 20 ಎಕರೆ ಮೀಸಲಿಟ್ಟರು. 2016ರಲ್ಲಿ ಅದೇ ಜಾಗದ ಒಂದು ಭಾಗವನ್ನು ಸಿಡ್ಕೋ ಖಾಸಗಿ ಬಿಲ್ಡರಿಗೆ ಕೊಟ್ಟಿತು. 2021ರಲ್ಲಿ ಸರ್ಕಾರ ಕ್ರೀಡಾಸಂಕೀರ್ಣವನ್ನೇ ಎತ್ತಿ ರಾಯಗಡ ಜಿಲ್ಲೆಯ ಮಾಣಗಾಂವ್ ತಾಲೂಕಿನ ನಾಣೋರೆಗೆ ಹಾಕಿತು. ಘನಸೋಲಿಯಿಂದ ಅಲ್ಲಿಗೆ 115 ಕಿಲೋಮೀಟರ್. ವಾಸ್ತುಶಿಲ್ಪಿಗಳ ಸಂಸ್ಥೆಯ ನವಿ ಮುಂಬಯಿ ಶಾಖೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ 2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಈ ವ್ಯವಹಾರವನ್ನು ರದ್ದು ಮಾಡಿತು. ಮೇಲ್ಮನವಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದವರಿಗೆ ಅಲ್ಲಿಯೂ ಮಂಗಳಾರತಿಯೇ ಆಯಿತು. ಮಕ್ಕಳು ಆಡುವುದಕ್ಕೆ ಅಷ್ಟು ದೂರ ಹೋಗಬೇಕೇ, ಉಳಿದ ಹಸಿರನ್ನೂ ಬಿಲ್ಡರುಗಳಿಗೆ ಕೊಡುತ್ತೀರಾ ಎಂದು ನ್ಯಾಯಪೀಠ ಕೇಳಿತು.

ಒಂದು ಕೈಯಲ್ಲಿ ಮೈದಾನ ಮಾರುವುದು, ಇನ್ನೊಂದು ಕೈಯಲ್ಲಿ ಫುಟ್‌ಬಾಲ್ ಪ್ರತಿಭೆ ಹುಡುಕುವುದು. ಈ ದ್ವಂದ್ವ ಸಿಡ್ಕೋ ಒಂದರದ್ದೇ ಅಲ್ಲ, ನಮ್ಮ ಇಡೀ ಕ್ರೀಡಾನೀತಿಯದ್ದು. ನಾನು ಹೇಳಹೊರಟಿರುವುದು ಇಷ್ಟೇ. ಫುಟ್‌ಬಾಲ್ ಬೆಳೆಯಬೇಕಾದದ್ದು ಹೈಸ್ಕೂಲಿನ ಅಂಗಳದಲ್ಲಿ. ಅದಕ್ಕೆ ಬೇಕಾದದ್ದು ಸಂಜೆ ತೆರೆದಿರುವ ಗೇಟು, ತಂಡ ಕಟ್ಟಲು ಪುರುಸೊತ್ತಿರುವ ಪಿ.ಟಿ. ಮೇಷ್ಟ್ರು, ಸೋತ ಮೇಲೂ ಆಡಲು ಸಿಗುವ ಮುಂದಿನ ಪಂದ್ಯ. ಈ ಮೂರನ್ನೂ ಕೊಡದೆ ಮಾಡುವ ಪ್ರತಿಭಾನ್ವೇಷಣೆ ಬರಿಯ ಜಾಹೀರಾತು.

ನವಿ ಮುಂಬಯಿಯ ನೆರೂಳವನ್ನೇ ನೋಡಿ. ದೇಶದ ಯಾವ ಉಪನಗರಕ್ಕೂ ಇಷ್ಟು ದೊಡ್ಡ ಆಟಗಳನ್ನು ಕಾಣುವ ಯೋಗ ಬಂದಿರಲಿಕ್ಕಿಲ್ಲ. 2008ರಲ್ಲಿ ಮೊದಲ ಐಪಿಎಲ್ ಫೈನಲ್ ನಡೆದದ್ದು ಇಲ್ಲಿಯ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ. ಐಎಸ್‌ಎಲ್ ಶುರುವಾದಾಗ ಮುಂಬಯಿ ಸಿಟಿ ತಂಡದ ತವರು ಇದೇ. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಸ್ಪೇನಿನ ಹುಡುಗರು ಮಾಲಿಯನ್ನು ಸೋಲಿಸಿ ಫೈನಲ್ಲಿಗೆ ಹೋದದ್ದು ಇಲ್ಲಿಂದ. 2022ರ ಅಕ್ಟೋಬರ್ 30ರಂದು ಅದೇ ವಯಸ್ಸಿನ ಸ್ಪೇನಿನ ಹುಡುಗಿಯರು ಕೊಲಂಬಿಯಾವನ್ನು ಮಣಿಸಿ ವಿಶ್ವಕಪ್ ಎತ್ತಿದ್ದೂ ಇಲ್ಲಿಯೇ. ಸ್ಪೇನಿನ ಹದಿನೇಳರ ಮಕ್ಕಳು ಎರಡೆರಡು ವಿಶ್ವಕಪ್ಪುಗಳಲ್ಲಿ ನೆರೂಳದ ಹುಲ್ಲಿನ ಮೇಲೆ ಆಡಿ ಗೆದ್ದು ಹೋದರು. ನೆರೂಳದ ಹದಿನೇಳರ ಮಕ್ಕಳು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಅದು ಖಾಸಗಿ ಕ್ರೀಡಾಂಗಣ, ಅದರ ಮೇಲೆ ನಮ್ಮ ಹಕ್ಕೇನೂ ಇಲ್ಲ. ನಮ್ಮ ಹಕ್ಕಿರುವುದು ಬೇರೆ ಕಡೆ.

ಈ ನಗರದ ಶಾಲೆಗಳಿಗೆ ಸಿಡ್ಕೋ ಜಾಗ ಕೊಟ್ಟದ್ದು ಮಾರುಕಟ್ಟೆಯ ಬೆಲೆಗಲ್ಲ, ರಿಯಾಯಿತಿ ದರದಲ್ಲಿ. ಕಟ್ಟಡದ ಪಕ್ಕದಲ್ಲೇ ಆಟದ ಮೈದಾನವನ್ನೂ ಕೊಟ್ಟಿತು. ಶಾಲೆಯ ವೇಳೆ ಮುಗಿದ ಮೇಲೆ ಮೈದಾನ ಸಾರ್ವಜನಿಕರಿಗೆ ತೆರೆದಿರಬೇಕು ಎಂಬುದು ಆ ಹಂಚಿಕೆಯ ಷರತ್ತು. ಈಗ ಸಂಜೆ ಆರು ಗಂಟೆಗೆ ಯಾವುದೇ ಸೆಕ್ಟರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಗೇಟಿಗೆ ಬೀಗ, ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಾಚ್‌ಮನ್, ಗೋಡೆಯ ಮೇಲೆ ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಎಂಬ ಮರಾಠಿ ಫಲಕ. ಅದೇ ಮೈದಾನ ಮದುವೆ ಸೀಸನ್ನಿನಲ್ಲಿ, ನವರಾತ್ರಿಯ ಗರ್ಬಾಕ್ಕೆ, ಹಣ ಕಟ್ಟಿ ನಡೆಸುವ ಟೆನಿಸ್ ಬಾಲ್ ಕ್ರಿಕೆಟಿಗೆ ಫ್ಲಡ್‌ಲೈಟ್ ಹಾಕಿಕೊಂಡು ತೆರೆಯುತ್ತದೆ. ಹಾಗಾದರೆ ಗೇಟು ತೆರೆಯಲು ಬರುವುದಿಲ್ಲ ಎಂದೇನಲ್ಲ. ಬಾಡಿಗೆ ಕೊಡುವವರಿಗೆ ತೆರೆಯುತ್ತದೆ, ಮಕ್ಕಳಿಗೆ ತೆರೆಯುವುದಿಲ್ಲ.

ಹಾಗೆ ಹೊರಗುಳಿದ ಮಕ್ಕಳು ಹೋಗುವುದು ಟರ್ಫಿಗೆ. ಬಲೆ ಕಟ್ಟಿದ ಪಂಜರದಂಥ ಜಾಗ, ಕೃತಕ ಹುಲ್ಲು, ಗಂಟೆಗೆ ಸಾವಿರದಿಂದ ಎರಡು ಸಾವಿರ ರೂಪಾಯಿ. ಹತ್ತು ಹುಡುಗರು ಪಾಲು ಹಾಕಿಕೊಂಡು ಆಡುತ್ತಾರೆ. ಅಲ್ಲಿ ಕಲಿಯಬಹುದಾದದ್ದೂ ಇದೆ, ಕಾಲಿನ ಚುರುಕು ಬರುತ್ತದೆ. ಆದರೆ ಐದು ಜನರ ಆಟದಲ್ಲಿ ಹನ್ನೊಂದು ಜನರ ಆಟ ಬರುವುದಿಲ್ಲ. ಗಾಳಿಯಲ್ಲಿ ಬಂದ ಚೆಂಡಿಗೆ ತಲೆ ಕೊಡುವುದು, ನಲವತ್ತು ಮೀಟರ್ ಆಚೆ ಓಡುತ್ತಿರುವವನ ಮುಂದೆ ಚೆಂಡು ಬೀಳಿಸುವುದು, ರಕ್ಷಣಾ ಸಾಲು ಒಟ್ಟಾಗಿ ಮುಂದೆ ಹಿಂದೆ ಸರಿಯುವುದು, ಇವೆಲ್ಲ ಅಗಲವಾದ ಮೈದಾನದ ವಿದ್ಯೆ. ಟರ್ಫಿನಲ್ಲಿ ಬೆಳೆದ ಹುಡುಗನನ್ನು ಪೂರ್ಣ ಮೈದಾನದಲ್ಲಿ ಬಿಟ್ಟರೆ ಇಪ್ಪತ್ತನೇ ನಿಮಿಷಕ್ಕೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಪಾಲು ಹಾಕಲು ದುಡ್ಡಿಲ್ಲದವನಿಗೆ ಅಷ್ಟೂ ಇಲ್ಲ. ಸೆಕ್ಟರುಗಳ ನಡುವೆ ಉಳಿದಿರುವ ಹಳೆಯ ಆಗ್ರಿ-ಕೋಳಿ ಊರುಗಳ ಮಕ್ಕಳು ಆ ಬಲೆಯ ಹೊರಗೇ ಉಳಿಯುತ್ತಾರೆ. ನವಿ ಮುಂಬಯಿ ಎದ್ದದ್ದು ಅವರ ಅಜ್ಜಂದಿರ ಜಮೀನಿನ ಮೇಲೆ ಎಂಬುದನ್ನು ಮರೆಯಬಾರದು.

ಇನ್ನು ಮೇಷ್ಟ್ರ ವಿಷಯ. ನಮ್ಮ ಶಾಲೆಗಳಲ್ಲಿ ಪಿ.ಟಿ. ಸರ್ ಎಂದರೆ ಬೆಳಗಿನ ಪ್ರಾರ್ಥನೆಯ ಸಾಲು ನೇರ ಮಾಡುವವರು, ಶೂ ಪಾಲಿಶ್ ನೋಡುವವರು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವವರು, ಸ್ನೇಹ ಸಮ್ಮೇಳನದ ಪೆಂಡಾಲ್ ಹಾಕಿಸುವವರು. ಗಣಿತದ ಟೀಚರ್ ರಜೆ ಹಾಕಿದ ದಿನ ಆ ತರಗತಿಯನ್ನು ಸುಮ್ಮನಿರಿಸುವವರೂ ಅವರೇ. ಪರೀಕ್ಷೆ ಹತ್ತಿರವಾದರೆ ಮೊದಲು ಮಾಯವಾಗುವುದು ಅವರ ಪೀರಿಯಡ್. ಅವರ ಕೋಣೆಯ ಕಪಾಟು ತೆರೆದರೆ ಗಾಳಿ ಅರ್ಧ ಇಳಿದ ನಾಲ್ಕು ಚೆಂಡು, ಬೆವರಿನ ವಾಸನೆಯ ಬಿಬ್ಬುಗಳ ಗಂಟು, ಹಿಂದಿನ ವರ್ಷದ ಕಪ್ಪು. ಇಂಥವರಲ್ಲಿ ಎಷ್ಟೋ ಮಂದಿ ಗುತ್ತಿಗೆಯ ಮೇಲಿದ್ದಾರೆ. ಕೋಚಿಂಗಿನ ಕೆಳಹಂತದ ‘ಡಿ’ ಲೈಸೆನ್ಸ್ ಕೋರ್ಸಿಗೂ ಸ್ವಂತ ರಜೆ ಹಾಕಿ, ಕೈಯಿಂದ ದುಡ್ಡು ಕಟ್ಟಿ ಹೋಗಬೇಕು. ಆಮೇಲೆ ಅದೇ ಶಾಲೆ ಹೊರಗಿನ ಅಕಾಡೆಮಿಯೊಂದನ್ನು ಕರೆತಂದು, ಪೋಷಕರಿಂದ ಬೇರೆ ಫೀ ಎತ್ತಿ, ‘ನಮ್ಮಲ್ಲಿ ಫುಟ್‌ಬಾಲ್ ಕಾರ್ಯಕ್ರಮವಿದೆ’ ಎಂದು ಪ್ರವೇಶದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತದೆ.

ತಂಡ ಕಟ್ಟುವುದೆಂದರೆ ಹನ್ನೊಂದು ಹೆಸರು ಬರೆಯುವುದಲ್ಲ. ಎಂಟನೇ ಇಯತ್ತೆಯಲ್ಲಿ ಬಂದ ಮಗುವನ್ನು ಹತ್ತನೆಯವರೆಗೆ ಕಾಯುವುದು, ಗುರುತಿನ ದಾಖಲೆ ಸರಿಮಾಡಿಸುವುದು, ಮೊಣಕಾಲು ಊದಿಕೊಂಡವನನ್ನು ಆಡದಂತೆ ತಡೆಯುವುದು, ಟ್ಯೂಷನ್ನಿನ ವೇಳೆಗೆ ಡಿಕ್ಕಿ ಹೊಡೆಯದ ಹಾಗೆ ಅಭ್ಯಾಸ ಇಡುವುದು, ಮಗಳನ್ನು ಚಡ್ಡಿ ಹಾಕಿಕೊಂಡು ಆಡಲು ಬಿಡಲೊಲ್ಲದ ಅಮ್ಮನ ಜೊತೆ ಮಾತಾಡುವುದು. ಹುಡುಗಿಯರ ತಂಡದ ಮಟ್ಟಿಗಂತೂ ಮೊದಲ ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ಹೊಂದಿಸುವುದೇ ಅರ್ಧ ಗೆಲುವು. ಈ ಕೆಲಸ ವಾರಕ್ಕೆರಡು ಸಂಜೆ ಬಂದು ಸೀಟಿ ಊದಿ ಹೋಗುವ ಅಕಾಡೆಮಿಯ ಹುಡುಗನಿಂದ ಆಗುವುದಲ್ಲ. ಮಗುವನ್ನೂ ಮನೆಯನ್ನೂ ಬಲ್ಲ ಶಾಲೆಯ ಮೇಷ್ಟ್ರಿಂದ ಮಾತ್ರ ಆಗುವುದು.

ಇಷ್ಟೆಲ್ಲ ಮಾಡಿದ ಮೇಷ್ಟ್ರಿಗೆ ಸಿಗುವ ಪಂದ್ಯ ಎಷ್ಟು? ಜೂನ್ ಮಧ್ಯದಲ್ಲಿ ಶಾಲೆ ಶುರು. ಮಳೆ ಹಿಡಿದ ಕೆಲವೇ ವಾರಗಳಲ್ಲಿ ಸುಬ್ರತೊ ಕಪ್ಪಿನ ಸ್ಥಳೀಯ ಸುತ್ತು. 1960ರಲ್ಲಿ ಶುರುವಾದ, ಏರ್ ಮಾರ್ಷಲ್ ಸುಬ್ರತೊ ಮುಖರ್ಜಿಯವರ ಹೆಸರಿನ ಈ ಕೂಟಕ್ಕೆ ದೇಶದಲ್ಲಿ ದೊಡ್ಡ ಮರ್ಯಾದೆಯಿದೆ, ಅದು ಇರಬೇಕಾದದ್ದೇ. ಆದರೆ ಕೆಳಗಿನ ಸುತ್ತುಗಳು ನಾಕೌಟ್. ಕೆಸರಿನಲ್ಲಿ ಒಂದು ಪಂದ್ಯ ಆಡಿ, ಪೆನಾಲ್ಟಿಯಲ್ಲಿ ಸೋತರೆ ಆ ಶಾಲೆಯ ಮಟ್ಟಿಗೆ ಋತು ಮುಗಿಯಿತು. ಹತ್ತನೆಯ ಹುಡುಗನಿಗೆ ಶಾಲಾ ಫುಟ್‌ಬಾಲೇ ಮುಗಿಯಿತು. ಒಂದೇ ಪಂದ್ಯದ ಮೇಲೆ ಇಡೀ ವರ್ಷ ನಿಂತಾಗ ಕೋಚಿಗೆ ಅಡ್ಡದಾರಿಯ ಆಸೆಯೂ ಹುಟ್ಟುತ್ತದೆ. ವಯಸ್ಸು ಮುಚ್ಚಿಟ್ಟು ದೊಡ್ಡ ಹುಡುಗರನ್ನು ಇಳಿಸುವ ಕಾಯಿಲೆಗೆ ಫುಟ್‌ಬಾಲ್ ಒಕ್ಕೂಟ ಮೂಳೆಯ ಎಕ್ಸ್-ರೇ ಪರೀಕ್ಷೆಯ ಮದ್ದು ಮಾಡುತ್ತಿದೆ. ಕಾಯಿಲೆಯ ಬೇರು ಮಾತ್ರ ನಾಕೌಟಿನಲ್ಲಿಯೇ ಇದೆ.

ಜಪಾನಿನವರಿಗೂ ಇದೇ ತೊಂದರೆ ಇತ್ತು. ಅಲ್ಲಿಯ ಹೈಸ್ಕೂಲ್ ಫುಟ್‌ಬಾಲ್ ಕೂಟಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಚಳಿಗಾಲದ ಆ ಕೂಟದ ಫೈನಲ್ ನೋಡಲು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಸಾವಿರಾರು ಜನ ಸೇರುತ್ತಾರೆ. ಅದೂ ನಾಕೌಟೇ. ಅವರು ಅದನ್ನು ನಿಲ್ಲಿಸಲಿಲ್ಲ, ಪಕ್ಕದಲ್ಲಿ ವರ್ಷವಿಡೀ ನಡೆಯುವ ಲೀಗ್ ಕಟ್ಟಿದರು. 2003ರಲ್ಲಿ ಪ್ರಾಂತ್ಯವಾರು ಪ್ರಿನ್ಸ್ ಲೀಗ್, 2011ರಲ್ಲಿ ಅದರ ಮೇಲೆ ಪ್ರೀಮಿಯರ್ ಲೀಗ್. ಶಾಲಾ ತಂಡಗಳೂ ವೃತ್ತಿಪರ ಕ್ಲಬ್ಬುಗಳ ಕಿರಿಯರ ತಂಡಗಳೂ ಒಂದೇ ಪಟ್ಟಿಯಲ್ಲಿ ಎದುರುಬದುರಾಗುತ್ತವೆ.

ಜಪಾನಿನಿಂದ ಕಲಿಯಬೇಕಾದ ಇನ್ನೊಂದು ಪಾಠ ‘ಮಹಾದೇವ’ದವರಿಗೆ. ಶುನ್‌ಸುಕೆ ನಕಮುರಾನನ್ನು ಯೊಕೊಹಾಮಾದ ಕ್ಲಬ್ಬು ಹದಿಹರೆಯದಲ್ಲಿ ಮುಂದಿನ ಹಂತಕ್ಕೆ ತೆಗೆದುಕೊಳ್ಳಲಿಲ್ಲ. ಕೆಯ್ಸುಕೆ ಹೊಂಡಾನನ್ನು ಗಂಬಾ ಒಸಾಕಾ ಕೈಬಿಟ್ಟಿತು. ಒಬ್ಬ ತೊಕೊ ಗಾಕುಯೆನ್ ಹೈಸ್ಕೂಲಿಗೆ ಹೋದ, ಇನ್ನೊಬ್ಬ ಕನಜಾವಾದ ಸೆಯ್ರ್ಯೊ ಹೈಸ್ಕೂಲಿಗೆ. ಅಕಾಡೆಮಿ ಬೇಡವೆಂದವರನ್ನು ಶಾಲೆಯ ಕೋಚು ಬೆಳೆಸಿದ. ನಕಮುರಾ ಮುಂದೆ ಸೆಲ್ಟಿಕ್ ಪರ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಫ್ರೀ ಕಿಕ್ಕಿನಲ್ಲಿ ಗೋಲು ಹೊಡೆದ. ಹೊಂಡಾ 2010, 2014, 2018, ಮೂರು ವಿಶ್ವಕಪ್ಪುಗಳಲ್ಲಿ ಗೋಲು ಹೊಡೆದ. ಹದಿಮೂರರಲ್ಲಿ ಯಾರು ಏನಾಗುತ್ತಾರೆಂದು ಯಾವ ಆಯ್ಕೆ ಸಮಿತಿಗೂ ಗೊತ್ತಾಗುವುದಿಲ್ಲ. ಬೇಗ ಎತ್ತರವಾದವನು ಆಯ್ಕೆಯಾಗುತ್ತಾನೆ, ತಡವಾಗಿ ಬೆಳೆಯುವವನು ಹೊರಗುಳಿಯುತ್ತಾನೆ. ಅವನನ್ನು ಕಾಯಲು ಶಾಲೆಯಲ್ಲದೆ ಇನ್ನಾರಿದ್ದಾರೆ? ಸುನಿಲ್ ಛೆಟ್ರಿ ಕೂಡ ದೊಡ್ಡ ಮೈದಾನಕ್ಕೆ ಬಂದದ್ದು ಶಾಲೆಯ ದಾರಿಯಲ್ಲೇ. 2001ರಲ್ಲಿ ಕ್ವಾಲಾಲಂಪುರದ ಏಷ್ಯನ್ ಶಾಲಾ ಕೂಟ, ಮರುವರ್ಷ ಮೋಹನ್ ಬಾಗಾನ್.

ಮುಖ್ಯೋಪಾಧ್ಯಾಯರ ಕಡೆಯಿಂದ ಬರುವ ಉತ್ತರ ಗೊತ್ತಿದ್ದದ್ದೇ. ಹೊರಗಿನವರು ಬಂದರೆ ಭದ್ರತೆಗೆ ಯಾರು ಜವಾಬ್ದಾರಿ, ಯಾರಾದರೂ ಕೈ ಮುರಿದುಕೊಂಡರೆ ಯಾರ ತಲೆಗೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಜಾಗ ಪಡೆಯುವಾಗ ಷರತ್ತಿಗೆ ಸಹಿ ಹಾಕಿದವರು ಈಗ ಷರತ್ತೇ ಕಷ್ಟ ಎನ್ನುವಂತಿಲ್ಲ. ವಾಚ್‌ಮನ್ನಿನ ಎರಡು ಗಂಟೆಯ ಹೆಚ್ಚುವರಿ ಸಂಬಳವನ್ನೂ ಮಕ್ಕಳ ವಿಮೆಯ ಕಂತನ್ನೂ ಮಹಾನಗರಪಾಲಿಕೆ ಕೊಡಲಿ, ಅದೇನು ಅದರ ಬೊಕ್ಕಸ ಬರಿದು ಮಾಡುವ ಮೊತ್ತವಲ್ಲ. ಹತ್ತನೆಯ ಅಂಕಗಳು ಹಾಳಾಗುತ್ತವೆ ಎನ್ನುವ ಪೋಷಕರಿಗೆ ಒಂದು ಮಾತು: ಮಕ್ಕಳ ಸಂಜೆಯನ್ನು ತಿನ್ನುತ್ತಿರುವುದು ಚೆಂಡಲ್ಲ, ಮೊಬೈಲು. ಇನ್ನು ಜಾಗವೇ ಇಲ್ಲ ಎನ್ನುವ ಸರ್ಕಾರಕ್ಕೆ ಘನಸೋಲಿಯ ಕಡತವೇ ಉತ್ತರ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಬೀಗ ಹಾಕಿದ ಮೈದಾನ ಕಾಗದದಲ್ಲಿ ಇರುತ್ತದೆ, ಮಗುವಿನ ಪಾಲಿಗೆ ಇರುವುದಿಲ್ಲ.

ನಮ್ಮವರಿಗೂ ಒಂದು ಮಾತು. ಮುಂಬಯಿಯ ಕನ್ನಡಿಗರ ಹಿಂದಿನ ತಲೆಮಾರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿತು. ಆ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಸರ್ಕಾರವಲ್ಲ, ನಮ್ಮ ಸಂಘಗಳು. ಅವರ ಮೊಮ್ಮಕ್ಕಳು ಇವತ್ತು ನೆರೂಳ, ಸೀವುಡ್ಸ್, ಖಾರ್ಘರ್‌ಗಳಲ್ಲಿ ಬೆಳೆಯುತ್ತಿದ್ದಾರೆ. ನಮ್ಮ ಜಾತಿ ಸಂಘ, ಊರ ಸಂಘ, ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರ ಮೈದಾನ ಬಾಡಿಗೆಗೆ ಹಿಡಿದು, ಹಗ್ಗಜಗ್ಗಾಟ, ತ್ರೋಬಾಲ್, ಕ್ರಿಕೆಟ್ ಆಡಿಸಿ, ಶಾಲು ಹೊದಿಸಿ ಮನೆಗೆ ಕಳಿಸುತ್ತವೆ. ಆ ಒಂದು ದಿನದ ಪೆಂಡಾಲು, ಊಟ, ಸ್ಮರಣಿಕೆಯ ಖರ್ಚಿನಲ್ಲಿ ಒಂದು ಪಾಲನ್ನು ಬಡ ಶಾಲೆಯೊಂದರ ಪಿ.ಟಿ. ಮೇಷ್ಟ್ರ ಲೈಸೆನ್ಸ್ ಕೋರ್ಸಿಗೂ ಇಪ್ಪತ್ತು ಚೆಂಡಿಗೂ ಕೊಟ್ಟರೆ ವರ್ಷವಿಡೀ ಮಕ್ಕಳು ಆಡುತ್ತಾರೆ. ಓದಿಗಾಗಿ ಶಾಲೆ ಕಟ್ಟಿದವರಿಗೆ ಇದು ಭಾರವಾಗಬಾರದು.

ಮಾಡಬೇಕಾದದ್ದೇನೂ ಗುಟ್ಟಲ್ಲ. ಸಿಡ್ಕೋ ತಾನು ಕೊಟ್ಟ ಪ್ರತಿ ಶಾಲಾ ಮೈದಾನದ ಷರತ್ತನ್ನು ಗೇಟಿನ ಮೇಲೆಯೇ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರೆಸಿ ಹಾಕಲಿ. ಮುರಿದವರಿಗೆ ನೋಟಿಸು, ಮತ್ತೆ ಮುರಿದರೆ ದಂಡ. ಮಹಾನಗರಪಾಲಿಕೆ ಬೇಲಾಪುರದಿಂದ ಐರೋಳಿವರೆಗಿನ ಶಾಲೆಗಳನ್ನು ಎರಡು ವಿಭಾಗ ಮಾಡಿ, ಹುಡುಗರಿಗೂ ಹುಡುಗಿಯರಿಗೂ ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಜನವರಿವರೆಗೆ ಶನಿವಾರದ ಲೀಗ್ ನಡೆಸಲಿ. ತಂಡ ನೋಡಿಕೊಳ್ಳುವ ಮೇಷ್ಟ್ರಿಗೆ ವಾರಕ್ಕೆ ಆರು ಪೀರಿಯಡ್ ಬಿಡುವು, ಸಂಜೆಗೆ ಭತ್ಯೆ ಸಿಗಲಿ. ಘನಸೋಲಿಯ ಜಾಗದಲ್ಲಿ ಕ್ರೀಡಾಸಂಕೀರ್ಣದ ಮೊದಲ ಮೈದಾನ ಶಾಲಾ ಮಕ್ಕಳದ್ದಾಗಲಿ.

ಸುಮಾರು ಆರು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿದ್ದ ನವಿ ಮುಂಬಯಿ ಮಹಾನಗರಪಾಲಿಕೆಗೆ 2026ರ ಜನವರಿ 15ರಂದು ಕೊನೆಗೂ ಚುನಾವಣೆ ನಡೆಯಿತು. ಗೆದ್ದ ನಗರಸೇವಕರ ಬ್ಯಾನರುಗಳಲ್ಲಿ ಉದ್ಯಾನ, ಜಿಮ್, ಸೆಲ್ಫಿ ಪಾಯಿಂಟ್ ಎಲ್ಲವೂ ಕಾಣುತ್ತಿವೆ. ಅವರು ಮುಂದಿನ ಸಲ ನಿಮ್ಮ ಸೊಸೈಟಿಗೆ ಬಂದಾಗ ಹೂಗುಚ್ಛ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ನಮ್ಮ ವಾರ್ಡಿನ ಯಾವ ಶಾಲೆಯ ಮೈದಾನ ಇವತ್ತು ಸಂಜೆ ಆರಕ್ಕೆ ತೆರೆದಿದೆ? ಹೆಸರು ಹೇಳಲು ಬಾರದವರಿಗೆ ಐದು ವರ್ಷ ನೆನಪಿರುವ ಹಾಗೆ ಕೇಳಿ.