ಅತಿಥಿ ಆಟಗಾರ ಬಂದರೆ ಬೆಂಚು ಕಾಯುವವರು ಯಾರು?

ಕಳೆದ ಬೇಸಿಗೆಯಲ್ಲಿ ನಮ್ಮೂರ ಶಾಲೆ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇತ್ತು. ಫ್ಲೆಕ್ಸ್‌ನಲ್ಲಿ ಬಹುಮಾನದ ಮೊತ್ತ ದೊಡ್ಡಕ್ಷರದಲ್ಲಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಪ್ರತಿ ತಂಡಕ್ಕೆ ಇಬ್ಬರು ಅತಿಥಿ ಆಟಗಾರರಿಗೆ ಅವಕಾಶ’ ಎಂದಿತ್ತು. ಸೆಮಿಫೈನಲ್‌ಗೆ ನಮ್ಮ ತಂಡದವರು ದೂರದ ಊರಿನಿಂದ ಒಬ್ಬ ರೈಡರ್‌ನನ್ನು ಕರೆಸಿದರು. ಜನ ಶಿಳ್ಳೆ ಹೊಡೆದರು, ನಾನೂ ಹೊಡೆದೆ. ಆದರೆ ಅವನ ಜಾಗದಲ್ಲಿ ಆಡಬೇಕಿದ್ದ ನನ್ನ ಗೆಳೆಯ ಜೆರ್ಸಿ ತೊಟ್ಟು ಬೆಂಚಿನಲ್ಲೇ ಕೂತಿದ್ದ. ‘ಹಂಗಾರೆ ನಾನ್ ವರ್ಷ್ ಇಡೀ ಪ್ರಾಕ್ಟೀಸ್ ಮಾಡದ್ದ್ ಎಂತಕೆ?’ ಎಂದು ಕೇಳಿದ. ಸಂಘಟಕರಲ್ಲಿ ಒಬ್ಬರು, ‘ಅವ್ರ್ ಬರ್ದಿದ್ರೆ ಇಷ್ಟ್ ಜನ ಬತ್ರಾ ಮಾರಾಯ?’ ಎಂದರು. ಇಬ್ಬರೂ ಹೇಳಿದ್ದು ನಿಜವೇ.

ಇದೇ ಜಗಳವನ್ನು ಬಾಕ್ಸಿಂಗ್ ಲೋಕ ಹತ್ತು ವರ್ಷಗಳಿಂದ ಆಡುತ್ತಿದೆ. ಒಲಿಂಪಿಕ್ಸ್‌ನ ಬಾಕ್ಸಿಂಗ್ ಅಂದರೆ ಹವ್ಯಾಸಿಗಳದ್ದು, ಹಣಕ್ಕಾಗಿ ಆಡುವವರಿಗೆ ಅಲ್ಲಿ ಜಾಗವಿಲ್ಲ ಎಂಬ ಗೆರೆ ಬಹಳ ಕಾಲ ಗಟ್ಟಿಯಾಗಿತ್ತು. ಟೆನಿಸ್, ಬ್ಯಾಸ್ಕೆಟ್‌ಬಾಲ್‌ಗಳು ಆ ಗೆರೆಯನ್ನು ಎಂದೋ ಅಳಿಸಿದ್ದವು. ಬಾಕ್ಸಿಂಗ್ ಅಳಿಸಿದ್ದು 2016ರ ಜೂನ್‌ನಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಸುಮಾರು ಎರಡು ತಿಂಗಳಷ್ಟೇ ಉಳಿದಿದ್ದಾಗ. ಅಂದಿನ ಅಂತರರಾಷ್ಟ್ರೀಯ ಸಂಸ್ಥೆ ಐಬಾ ಲೋಸಾನ್‌ನಲ್ಲಿ ಸಭೆ ಸೇರಿ ಮತ ಹಾಕಿತು. 88ರಲ್ಲಿ 84 ಮತಗಳು ವೃತ್ತಿಪರರ ಪರ ಬಿದ್ದವು. ವೃತ್ತಿಪರ ಬಾಕ್ಸಿಂಗ್‌ನ ದೊಡ್ಡ ಸಂಸ್ಥೆ ಡಬ್ಲ್ಯುಬಿಸಿ ಸಿಟ್ಟಾಗಿ, ತನ್ನ ಅಗ್ರ ಶ್ರೇಯಾಂಕದ ಬಾಕ್ಸರ್‌ಗಳು ಒಲಿಂಪಿಕ್ಸ್‌ಗೆ ಹೋದರೆ ಎರಡು ವರ್ಷ ನಿಷೇಧ ಎಂದು ಬೆದರಿಸಿತು. ಪಳಗಿದ ವೃತ್ತಿಪರನ ಎದುರು ಹತ್ತೊಂಬತ್ತರ ಹುಡುಗನನ್ನು ನಿಲ್ಲಿಸಿದರೆ ಅನಾಹುತವಾಗುತ್ತದೆ ಎಂಬ ವಾದ ಎಲ್ಲೆಡೆ ಕೇಳಿಬಂತು.

ಆದದ್ದೇ ಬೇರೆ. ರಿಯೊಗೆ ಬಂದ ವೃತ್ತಿಪರರು ಮೂವರೇ: ಕ್ಯಾಮರೂನ್‌ನ ಹಸನ್ ಎನ್‌ಡಾಮ್, ಥಾಯ್ಲೆಂಡ್‌ನ ಅಮ್ನಾತ್ ರುಯೆನ್‌ರೊಂಗ್, ಇಟಲಿಯ ಕಾರ್ಮಿನೆ ತೊಮಾಸೊನೆ. ಮೊದಲ ಇಬ್ಬರು ವಿಶ್ವ ಪಟ್ಟ ಗೆದ್ದಿದ್ದವರು. ಎನ್‌ಡಾಮ್ ಮೊದಲ ಪಂದ್ಯದಲ್ಲೇ ಸೋತರೆ, ಉಳಿದಿಬ್ಬರು ಒಂದೊಂದು ಗೆದ್ದು ಮನೆಗೆ ಹೋದರು.

ಕಾರಣ ಆಟದ ಒಳಗೇ ಇದೆ. ವೃತ್ತಿಪರ ಪಟ್ಟದ ಪಂದ್ಯ ಹನ್ನೆರಡು ಸುತ್ತು ನಡೆಯುತ್ತದೆ; ಮೊದಲ ಎರಡು ಸುತ್ತು ಎದುರಾಳಿಯನ್ನು ಓದುವುದಕ್ಕೇ ಹೋದರೂ ನಷ್ಟವಿಲ್ಲ. ಒಲಿಂಪಿಕ್ಸ್‌ನಲ್ಲಿ ಇರುವುದೇ ಮೂರು ಸುತ್ತು, ಸುತ್ತಿಗೆ ಮೂರು ನಿಮಿಷ. ಓದಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಜೊತೆಗೆ ವೃತ್ತಿಪರ ಒಂದು ಪಂದ್ಯಕ್ಕೆ ತಿಂಗಳುಗಟ್ಟಲೆ ತಯಾರಾಗುತ್ತಾನೆ. ಇಲ್ಲಿ ಎರಡೇ ವಾರದೊಳಗೆ ನಾಲ್ಕೈದು ಬಾರಿ ತೂಕ ಕಾಪಾಡಿಕೊಂಡು ರಿಂಗ್‌ಗೆ ಇಳಿಯಬೇಕು. ಸೆಮಿಸ್ಟರ್ ಪರೀಕ್ಷೆಗೂ ಒಂದು ಗಂಟೆಯ ಪ್ಲೇಸ್‌ಮೆಂಟ್ ಟೆಸ್ಟ್‌ಗೂ ಇರುವ ವ್ಯತ್ಯಾಸದಂತೆ ಇದು. ಒಂದರ ರ್‍ಯಾಂಕ್ ಇನ್ನೊಂದಕ್ಕೆ ಗ್ಯಾರಂಟಿ ಕೊಡುವುದಿಲ್ಲ. ನಮ್ಮವರೇ ಆದ ವಿಕಾಸ್ ಕೃಷ್ಣನ್ ವೃತ್ತಿಪರರಾಗಿ ಎರಡು ಪಂದ್ಯ ಗೆದ್ದು, ಮತ್ತೆ ಮರಳಿ, ಅರ್ಹತಾ ಸುತ್ತು ದಾಟಿ ಟೋಕಿಯೊಗೆ ಹೋದರು. ಅಲ್ಲಿ ಮೊದಲ ಪಂದ್ಯದಲ್ಲೇ ಸೋಲು. ಆದರೆ ಅದೇ ಟೋಕಿಯೊದಲ್ಲಿ ಅಮೆರಿಕದ ಡ್ಯೂಕ್ ರೇಗನ್ ಮತ್ತು ಕೀಶಾನ್ ಡೇವಿಸ್ ಬೆಳ್ಳಿ ಗೆದ್ದರು. ಇಬ್ಬರೂ ಆಗಲೇ ಕೆಲವು ವೃತ್ತಿಪರ ಪಂದ್ಯ ಆಡಿದ್ದವರು, ಆದರೆ ಹವ್ಯಾಸಿ ಆಟದ ಚುರುಕು ಇನ್ನೂ ಬಿಡದ ಯುವಕರು. ಹಾಗಾಗಿ ಹೆದರಬೇಕಾದದ್ದು ಹಳೆಯ ಚಾಂಪಿಯನ್‌ಗೆ ಅಲ್ಲ, ಎರಡೂ ದೋಣಿಯಲ್ಲಿ ಕಾಲಿಡಬಲ್ಲ ಇಪ್ಪತ್ತೆರಡರ ಹುಡುಗನಿಗೆ.

ನಿಯಮಗಳೂ ವೃತ್ತಿಪರ ಆಟದ ಕಡೆಗೇ ವಾಲಿವೆ. 1988ರ ಸೋಲ್‌ನಲ್ಲಿ ರಾಯ್ ಜೋನ್ಸ್ ಅವರಿಗೆ ಆದ ಅನ್ಯಾಯದ ನಂತರ, 1992ರಿಂದ ತೀರ್ಪುಗಾರರು ಗುಂಡಿ ಒತ್ತಿ ಹೊಡೆತ ಎಣಿಸುವ ಕಂಪ್ಯೂಟರ್ ಪದ್ಧತಿ ಬಂತು. 2008ರಲ್ಲಿ ವಿಜೇಂದರ್ ಸಿಂಗ್ 9–4ರಿಂದ ಗೆದ್ದು ಪದಕ ಖಚಿತ ಮಾಡಿಕೊಂಡದ್ದು ಅದೇ ಪದ್ಧತಿಯಲ್ಲಿ. 2013ರಲ್ಲಿ ಅದನ್ನು ಬಿಟ್ಟು, ಸುತ್ತು ಗೆದ್ದವನಿಗೆ ಹತ್ತು ಅಂಕ ಕೊಡುವ ವೃತ್ತಿಪರ ಪದ್ಧತಿಯನ್ನು ತಂದರು. ಗಂಡಸರ ತಲೆಯ ರಕ್ಷಾಕವಚವನ್ನೂ ತೆಗೆದರು. ನನಗೆ ಸರಿ ಕಾಣದ್ದು ಇಲ್ಲಿಯೇ. ಎಣಿಕೆಯಲ್ಲಿ ತಪ್ಪಾದರೆ ತೋರಿಸಬಹುದು, ಅಭಿಪ್ರಾಯದಲ್ಲಿ ತಪ್ಪಾದರೆ ಹೇಗೆ ತೋರಿಸುವುದು? ರಿಯೊದ ತೀರ್ಪುಗಳಲ್ಲಿ ಕೈವಾಡ ನಡೆದಿತ್ತೆಂದು 2021ರಲ್ಲಿ ಮೆಕ್‌ಲಾರೆನ್ ತನಿಖೆ ಹೇಳಿತು. ಕೊನೆಗೆ 2023ರಲ್ಲಿ ಒಲಿಂಪಿಕ್ ಸಮಿತಿ ಆ ಸಂಸ್ಥೆಯ ಮಾನ್ಯತೆಯನ್ನೇ ಕಿತ್ತುಕೊಂಡಿತು. ಹೊಸ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್‌ಗೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕ ಮೇಲೆಯೇ 2028ರ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಉಳಿದದ್ದು.

ನಮ್ಮ ರಾಜ್ಯಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಹರಿಯಾಣದ ನಿಶಾಂತ್ ದೇವ್ ಪಳಗಿದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಪ್ಯಾರಿಸ್‌ನಲ್ಲಿ 71 ಕೆ.ಜಿ. ಕ್ವಾರ್ಟರ್‌ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ 1–4ರಿಂದ ಸೋತಾಗ, ಗೆದ್ದದ್ದು ನಿಶಾಂತ್ ಎಂದೇ ನೋಡಿದ ಬಹಳ ಮಂದಿ ವಾದಿಸಿದರು. ಅವರು ಮುಂದಿನ ಒಲಿಂಪಿಕ್ಸ್‌ಗೆ ಕಾಯಲಿಲ್ಲ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರರಾಗಿ ಕಣಕ್ಕಿಳಿದು ಮೊದಲ ಸುತ್ತಿನಲ್ಲೇ ಗೆದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಾಲ್ಕು ವರ್ಷದ ಬೆವರನ್ನು ಐವರು ತೀರ್ಪುಗಾರರ ಅಭಿಪ್ರಾಯಕ್ಕೆ ಒಪ್ಪಿಸಿ ಕೂರು ಎಂದು ಯಾರು ಹೇಳಬಲ್ಲರು?

ಆದರೆ ಭಾರತದಲ್ಲಿ ಹವ್ಯಾಸಿ ಎಂಬ ಮಾತಿಗೆ ಅರ್ಥವೇ ಬೇರೆ. ಇಲ್ಲಿ ಪದಕ ಎಂದರೆ ಉದ್ಯೋಗ. 2025ರಲ್ಲಿ ಲಿವರ್‌ಪೂಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಜಾಸ್ಮಿನ್ ಲಂಬೋರಿಯಾ ಸೇನೆಯವರು, ಮೀನಾಕ್ಷಿ ಹೂಡಾ ಐಟಿಬಿಪಿಯವರು. ನಮ್ಮ ವಂಡ್ಸೆಯ ಗುರುರಾಜ್ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದಾಗ ವಾಯುಪಡೆಯ ನೌಕರಿಯಲ್ಲಿದ್ದರು. ಸಿಇಟಿಯ ಕ್ರೀಡಾ ಕೋಟಾದಿಂದ ಹಿಡಿದು ರೈಲ್ವೆ, ಪೊಲೀಸ್ ನೇಮಕಾತಿವರೆಗೆ ಕೇಳುವುದು ಪ್ರಮಾಣಪತ್ರವನ್ನೇ. ವಿಜೇಂದರ್ 2015ರಲ್ಲಿ ವೃತ್ತಿಪರರಾದಾಗ, ಹರಿಯಾಣ ಪೊಲೀಸ್‌ನ ಡಿಎಸ್‌ಪಿ ಹಣದ ಪಂದ್ಯ ಆಡಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಪ್ರಶ್ನೆಯನ್ನು ತಿರುಗಿಸಿಯೂ ಕೇಳಬೇಕು: ಈಗಾಗಲೇ ಹಣ ಗಳಿಸುವವನು ಬಂದು ರಾಷ್ಟ್ರೀಯ ತಂಡದ ಜಾಗ ಪಡೆದರೆ, ನೌಕರಿಯೊಂದನ್ನೇ ನಂಬಿ ಗ್ಲೌಸ್ ತೊಟ್ಟ ಹುಡುಗಿಯ ಪ್ರಮಾಣಪತ್ರ ಏನಾಗುತ್ತದೆ?

ಬಾಗಿಲು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಬರುವವರು ಎಲ್ಲರೂ ಬರುವ ಬಾಗಿಲಿನಿಂದಲೇ ಬರಲಿ: ರಾಷ್ಟ್ರೀಯ ಟ್ರಯಲ್ಸ್ ಆಡಲಿ, ಹೆಸರು ನೋಡಿ ನೇರ ಪ್ರವೇಶ ಬೇಡ. ವಿಕಾಸ್ ಅರ್ಹತಾ ಸುತ್ತು ಆಡಿಯೇ ಟೋಕಿಯೊಗೆ ಹೋದದ್ದು. ನೇಮಕಾತಿಯಲ್ಲಿ ರಾಜ್ಯ ಮಟ್ಟದ ಪದಕಗಳಿಗೂ ಬೆಲೆ ಇರಲಿ, ಆಗ ಒಬ್ಬ ದೊಡ್ಡ ಹೆಸರಿನವನು ಬಂದರೆ ಕೆಳಗಿನವರ ದಾರಿ ಪೂರ್ತಿ ಮುಚ್ಚುವುದಿಲ್ಲ.

ಅಂದಹಾಗೆ, ಆ ರಾತ್ರಿ ಫೈನಲ್‌ನ ದ್ವಿತೀಯಾರ್ಧದಲ್ಲಿ ಅತಿಥಿ ರೈಡರ್‌ನ ಕಾಲು ಉಳುಕಿತು. ಗೆಳೆಯನನ್ನು ಒಳಗೆ ಕರೆದರು. ಮೂರು ರೈಡ್‌ಗೆ ಎರಡು ಅಂಕ ತಂದ. ತಂಡ ನಾಲ್ಕು ಅಂಕದಿಂದ ಸೋತಿತು. ಈ ಸಲದ ಫ್ಲೆಕ್ಸ್ ಇನ್ನೂ ಪ್ರಿಂಟ್‌ಗೆ ಹೋಗಿಲ್ಲ. ‘ಇಬ್ಬರು’ ಎಂಬುದನ್ನು ‘ಒಬ್ಬ’ ಎಂದು ಮಾಡಬೇಕೋ ಬೇಡವೋ ಎಂದು ಸಮಿತಿಯವರು ಮೊನ್ನೆ ರಾತ್ರಿಯೂ ಕೂತು ಮಾತಾಡುತ್ತಿದ್ದರು.